ಆಫೀಸಿನ ಹೊರಗಿನ ಬೆಂಚು

ನಾನು ಎಲ್ಲಿಗೆ ಹೋದರೂ ಜನ ಮೊದಲು ಕೇಳುವುದು ಒಂದೇ: ‘ಯಾವ ದೇಶ?’ ಕಳಸದ ಬಸ್ಸಿನಲ್ಲಿ ಕಂಡಕ್ಟರು ಕೇಳಿದ್ದಾರೆ, ಮೂಡಿಗೆರೆ ಸಂತೆಯಲ್ಲಿ ಒಣಮೀನು ಮಾರುವವಳು ಕೇಳಿದ್ದಾಳೆ. ನಾನು ನರ್ಸಾಗಿ ಕೆಲಸ ಮಾಡುವ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ತೋಳು ಕೊಟ್ಟು ಕೂತ ಅಜ್ಜ ಕೂಡ ಕೇಳಿದ್ದಾರೆ. ‘ಯಲ್ಲಾಪುರ’ ಅನ್ನುತ್ತೇನೆ. ‘ಅದಲ್ಲಮ್ಮಾ, ಮೊದಲಿಂದ ಯಾವುದು?’ ಅಂತಾರೆ. ‘ಮೊದಲಿಂದಲೂ ಯಲ್ಲಾಪುರವೇ, ಕೈ ಅಲ್ಲಾಡಿಸಬೇಡಿ’ ಅನ್ನುತ್ತೇನೆ.

ನಾವು ಸಿದ್ದಿಗಳು. ಯಾವುದೋ ಕಾಲದಲ್ಲಿ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರಂತೆ. ಅದು ನನಗೂ ಪುಸ್ತಕ ಓದಿದ ಮೇಲೆಯೇ ತಿಳಿದದ್ದು, ಮನೆಯಲ್ಲಿ ಯಾರೂ ಆ ಮಾತು ಎತ್ತಿದ್ದಿಲ್ಲ. ನಮ್ಮ ಮನೆಯಲ್ಲಿ ಮಾತು ಅಂದರೆ ಅಕ್ಕಿ, ಕೆಲಸ, ಯಾರಿಗೆ ಜ್ವರ, ಅಷ್ಟೇ. ನನ್ನ ಕೂದಲಿನ ಬಗ್ಗೆ, ಅದಕ್ಕೆ ರಿಬ್ಬನ್ನು ಕಟ್ಟಲು ಟೀಚರುಗಳು ಪಟ್ಟ ಪಾಡಿನ ಬಗ್ಗೆ ನಾನಿಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಅದೊಂದೇ ಬೇಕು. ನಾನು ಬರೆಯಬೇಕಾಗಿರುವುದು ಒಂದು ಬೆಂಚಿನ ವಿಷಯ.

ಅಪ್ಪ ಮರ ಹತ್ತುವುದರಲ್ಲಿ ಗಟ್ಟಿಗ. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಅಂತ ಮೇಲಿನ ದೊಡ್ಡ ಮರಗಳ ಕೊಂಬೆ ಸವರುತ್ತಾರಲ್ಲ, ಮರಗಸಿ ಅಂತಾರೆ, ಆ ಕೆಲಸಕ್ಕೆ ಅಂತಲೇ ಕಳಸದ ಕಡೆಯ ಒಂದು ಎಸ್ಟೇಟಿನ ಮೇಸ್ತ್ರಿ ನಮ್ಮನ್ನು ಯಲ್ಲಾಪುರದಿಂದ ಕರೆತಂದಿದ್ದ. ನಾನಾಗ ಇನ್ನೂ ಸಣ್ಣವಳು. ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಕೊನೆಯದು ನಮಗೆ ಸಿಕ್ಕಿತು. ಅಪ್ಪ ಮರ ಹತ್ತುವಷ್ಟು ದಿನ ಆ ಮನೆ ನಮ್ಮದು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೇ ನನಗೂ ಗೊತ್ತಿತ್ತು.

ಹೈಸ್ಕೂಲಿಗೆ ಕಳಸಕ್ಕೆ ಸೇರಿದೆ. ಕ್ಲಾಸಿನಲ್ಲಿ ವಯಸ್ಸಿನಲ್ಲಿ ಸಣ್ಣವರ ಪೈಕಿ ನಾನೊಬ್ಬಳು, ಆದರೆ ಉದ್ದ ಇದ್ದೆ, ತೋಳು ಗಟ್ಟಿ ಇತ್ತು. ಅಷ್ಟಕ್ಕೇ ಎಲ್ಲರ ಲೆಕ್ಕದಲ್ಲಿ ನಾನು ದೊಡ್ಡವಳಾಗಿಬಿಟ್ಟೆ. ಬೆಂಚು ಎತ್ತಿಡಬೇಕಾ, ನಾನು. ಬಿಸಿಯೂಟದ ಪಾತ್ರೆ ಹೊರಬೇಕಾ, ನಾನು. ಕ್ಲಾಸಿನಲ್ಲಿ ಗಲಾಟೆ ಆದರೆ ಟೀಚರು ಬಾಗಿಲಿಗೆ ಬಂದು ನಿಲ್ಲುವ ಮೊದಲೇ ಅವರ ಕಣ್ಣು ಹಿಂದಿನ ಬೆಂಚಿಗೆ ಬಂದು ಮುಟ್ಟುತ್ತಿತ್ತು. ಬೇರೆ ಹುಡುಗಿಯರಿಗೆ ಅಂಗೈಗೆ ಒಂದು ಏಟು ಬಿದ್ದರೆ ನನಗೆ ಎರಡು ಬೀಳುತ್ತಿತ್ತು. ‘ಇವಳಿಗೆಲ್ಲಿ ತಾಗುತ್ತೆ’ ಅಂತ ಡ್ರಿಲ್ ಮಾಸ್ತರು ನಗುತ್ತಿದ್ದರು. ತಾಗುತ್ತಿತ್ತು. ಚೆನ್ನಾಗಿಯೇ ತಾಗುತ್ತಿತ್ತು. ಅಳದೆ ಇದ್ದದ್ದು ನನ್ನ ಹಟ, ಆ ಹಟವನ್ನೇ ಅವರು ನೋವಿಲ್ಲ ಅಂತ ತಿಳಿದರು. ನಾನು ಬಾಯಿ ತೆರೆದರೆ ‘ಜೋರು ಮಾಡಬೇಡ’ ಅನ್ನುತ್ತಿದ್ದರು. ಸುಮ್ಮನಿದ್ದರೆ ‘ನೋಡು, ಹೇಗೆ ಗುರಾಯಿಸ್ತಾಳೆ’ ಅನ್ನುತ್ತಿದ್ದರು.

ಎಂಟನೇ ಕ್ಲಾಸಿನಲ್ಲಿ ಒಬ್ಬಳು ಮಾತ್ರ ತಾನಾಗಿಯೇ ಎದ್ದು ಬಂದು ನನ್ನ ಪಕ್ಕ ಕೂತಳು. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರ ಮಗಳು, ಹಣೆಯಲ್ಲಿ ದಿನಾ ವಿಭೂತಿ. ‘ಮುಂದಿನ ಬೆಂಚಲ್ಲಿ ಸತ್ತೇ ಹೋಗ್ತೀನಿ ಮಾರಾಯ್ತಿ, ನಿನ್ ಹತ್ರ ಕೂತ್ರೆ ನಗು ಬರುತ್ತೆ’ ಅಂದಳು. ಅವಳ ಡಬ್ಬಿಯ ಚಪಾತಿ ನಾನು ತಿನ್ನುತ್ತಿದ್ದೆ, ನಮ್ಮಮ್ಮ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯನ್ನು ಅವಳು ಮನೆಯಲ್ಲಿ ಗೊತ್ತಾದರೆ ಕೊಂದಾರು ಅಂದುಕೊಂಡೇ ನೆಕ್ಕುತ್ತಿದ್ದಳು. ಅವಳು ಪಕ್ಕ ಕೂತ ಮೇಲೆ ನನಗೆ ಶಾಲೆ ಅಂದರೆ ಸುಮಾರಾಗಿ ನನ್ನದೇ ಅನ್ನಿಸತೊಡಗಿತ್ತು. ಅವಳನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಈಗಲೂ ಇಲ್ಲ ಅನ್ನಲಾರೆ.

ಒಂಬತ್ತನೇ ಕ್ಲಾಸು. ಕಾಫಿ ಹಣ್ಣಿನ ಕೊಯ್ಲು ಶುರುವಾಗಿತ್ತು. ಅವತ್ತು ಮಧ್ಯಾಹ್ನ ಗಣಿತದ ಟೆಸ್ಟು, ಅವಳು ಒಂದಕ್ಷರ ಓದಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಮುಂಚೆ ಗೇಟಿನ ಹತ್ತಿರ ನನ್ನ ಕೈ ಹಿಡಿದು ಎಳೆದಳು.

‘ಹೊರನಾಡಿಗೆ ಹೋಗಿ ಊಟ ಮಾಡ್ಕೊಂಡು ಬರೋಣ ಬಾ. ಅಮ್ಮನವರ ಊಟ. ಪಾಯಸ ಇರುತ್ತೆ.’

‘ಬೇಡ ಮಾರಾಯ್ತಿ, ಸಿಕ್ಕಿಬಿದ್ರೆ?’

‘ದೇವಸ್ಥಾನಕ್ಕೆ ಹೋದ್ರೆ ಯಾರು ಬೈತಾರೆ? ನಮ್ಮನೇಲಿ ಯಾವತ್ತೂ ಬೈಯಲ್ಲ.’

ಅದು ಅವಳ ಮನೆಯ ಕಾನೂನು. ಅದೇ ಕಾನೂನು ನನಗೂ ನಡೆಯುತ್ತದೆ ಅಂತ ಅವಳು ನಂಬಿದಳು, ಅವಳ ಬಾಯಲ್ಲಿ ಕೇಳಿ ನಾನೂ ನಂಬಿದೆ. ಟಿಕೆಟ್ಟಿನ ದುಡ್ಡು ಅವಳೇ ಕೊಟ್ಟಳು. ಯೂನಿಫಾರ್ಮಿನ ಮೇಲೆ ಸ್ವೆಟರು ಹಾಕಿಕೊಂಡು ಬಸ್ಸು ಹತ್ತಿದೆವು. ದೇವರಿಗೆ ಕೈ ಮುಗಿದು, ಸಾಲಿನಲ್ಲಿ ನೆಲದ ಮೇಲೆ ಕೂತು ಊಟ ಮಾಡಿದೆವು. ಬಡಿಸುವವರು ಎಲ್ಲರಿಗೂ ಬಡಿಸಿದ ಹಾಗೆಯೇ ನನಗೂ ಬಡಿಸಿದರು, ಪಾಯಸ ಎರಡನೇ ಸಲ ಬಂದಾಗ ಅವಳು ನನ್ನ ಎಲೆಗೂ ಕೈ ತೋರಿಸಿ ಹಾಕಿಸಿದಳು. ಇಷ್ಟು ಸಂತೋಷದಿಂದ ನಾನು ಎಲ್ಲೂ ಉಂಡಿದ್ದಿಲ್ಲ. ಟೆಸ್ಟು ಮುಗಿಯುವ ಹೊತ್ತಿಗೆ ಜೀಪು ಹಿಡಿದು ಕಳಸಕ್ಕೆ ವಾಪಸ್ಸು ಬಂದೆವು.

ಆದರೆ ನಾನೇನು ಕಣ್ತಪ್ಪಿಸಿ ಓಡಾಡುವ ಮುಖವಾ? ಬಸ್ಸಿನಲ್ಲಿದ್ದವರು, ಜೀಪಿನವನು, ಹೊರನಾಡಿನಲ್ಲಿ ಹೂವು ಮಾರುವವಳು, ಎಲ್ಲರಿಗೂ ನನ್ನ ನೆನಪಿತ್ತು. ‘ಆ ಕರಿ ಹುಡುಗಿ, ಜತೆಗೆ ಇನ್ನೊಂದು ಯಾವುದೋ ಹುಡುಗಿ’ ಅಂದರಂತೆ. ಮಾರನೇ ದಿನ ಇಬ್ಬರನ್ನೂ ಹೆಡ್ ಮೇಡಂ ಆಫೀಸಿಗೆ ಕರೆಸಿದರು.

ಅವಳ ಅಪ್ಪನಿಗೆ ಅಂಗಡಿಗೆ ಹೇಳಿ ಕಳಿಸಿದರು. ಅವರು ಬಂದಾಗ ಮೇಡಂ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ‘ದೇವಸ್ಥಾನಕ್ಕೆ ತಾನೇ ಹೋಗಿರೋದು, ಮಕ್ಕಳ ಬುದ್ಧಿ’ ಅಂತ ಅವಳಪ್ಪ ನಕ್ಕರು. ಮೇಡಂ ಕೂಡ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು, ನಗು ಇರಲಿಲ್ಲ. ‘ಒಳ್ಳೆ ಮನೆ ಹುಡುಗೀನ ಹಾಳು ಮಾಡ್ತಿದ್ದೀಯಲ್ಲ’ ಅಂದರು. ನನ್ನ ಗೆಳತಿ ಏನೋ ಹೇಳಲು ಬಾಯಿ ತೆಗೆದಳು. ಅವಳಪ್ಪ ಅವಳ ಭುಜದ ಮೇಲೆ ಕೈಯಿಟ್ಟರು, ಅವಳು ಸುಮ್ಮನಾದಳು.

ನನ್ನ ಅಪ್ಪನಿಗೆ ಹೇಳಿ ಕಳಿಸಲಿಲ್ಲ. ಎಸ್ಟೇಟಿನ ಮಕ್ಕಳ ದೂರು ಅಪ್ಪ ಅಮ್ಮನಿಗೆ ಹೋಗುತ್ತಿರಲಿಲ್ಲ. ಶಾಲೆಯವರು ಎಸ್ಟೇಟ್ ಆಫೀಸಿಗೆ ಫೋನ್ ಮಾಡುತ್ತಿದ್ದರು, ಅಲ್ಲಿ ಲೆಕ್ಕ ಬರೆಯುವ ರೈಟರು ಮೇಸ್ತ್ರಿಯನ್ನು ಕಳಿಸುತ್ತಿದ್ದರು, ಮೇಸ್ತ್ರಿ ಬಂದು ಬಗೆಹರಿಸಿ ಹೋಗುತ್ತಿದ್ದ. ಅದು ಅಲ್ಲಿಯ ರೂಢಿ, ಯಾರಿಗೂ ತಪ್ಪು ಅಂತ ಕಾಣುತ್ತಿರಲಿಲ್ಲ. ಅವತ್ತೂ ಮೇಸ್ತ್ರಿ ಬಂದು, ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತ.

‘ಶಾಲೆ ಕಮಿಟಿ ತೀರ್ಮಾನ ಆಗೋವರೆಗೂ ಇವಳು ಕ್ಲಾಸಲ್ಲಿ ಕೂರೋದು ಬೇಡ. ಮನೇಲಿರ್ಲಿ’ ಅಂದರು ಮೇಡಂ.

‘ಲೈನಲ್ಲಿ ಇರಿಸ್ಕೊಳಕ್ಕಾಗಲ್ಲ ಮೇಡಂ. ಕೊಯ್ಲಿನ ಟೈಮು. ಹಗಲೊತ್ತು ಶಾಲೆ ಮಕ್ಳು ಲೈನಲ್ಲಿ ಕಂಡ್ರೆ ಕೆಲ್ಸಕ್ಕೆ ಹಚ್ಚಿದೀರಾ ಅಂತ ಆಫೀಸರ್‌ಗಳು ಕೇಳ್ತಾರೆ. ಸಾವ್ಕಾರ್ರು ನನ್ನ ಬೈತಾರೆ.’

‘ಮತ್ತೆ ಎಲ್ಲಿಡೋದು ಇವಳನ್ನ?’

ಒಂದು ಸಾಮಾನಿನ ಬಗ್ಗೆ ಮಾತಾಡಿದ ಹಾಗೆ ಇಬ್ಬರೂ ನನ್ನನ್ನು ನೋಡಿದರು. ಕೊನೆಗೆ ಆಫೀಸಿನ ಹೊರಗೆ ಜಗಲಿಯ ಮೇಲೆ ಒಂದು ಬೆಂಚಿತ್ತಲ್ಲ, ಅಲ್ಲಿ ಅಂತಾಯಿತು. ಬೆಳಿಗ್ಗೆ ಬರಬೇಕು, ಸಂಜೆ ಗಂಟೆ ಹೊಡೆಯುವವರೆಗೆ ಅಲ್ಲಿ ಕೂರಬೇಕು. ಶಾಲೆಯ ಒಳಗೂ ಅಲ್ಲ, ಹೊರಗೂ ಅಲ್ಲ.

ಬೆಂಚಿನ ಒಂದು ಪಕ್ಕ ಗಂಟೆ ನೇತುಹಾಕಿತ್ತು, ಇನ್ನೊಂದು ಪಕ್ಕ ಕುಡಿಯುವ ನೀರಿನ ಟ್ಯಾಂಕು. ನೀರು ಕುಡಿಯಲು ಬಂದವರೆಲ್ಲ ನನ್ನನ್ನು ನೋಡಿಯೇ ಕುಡಿಯಬೇಕು.  ಪಾಠ ಕೇಳಲು ಕಿವಿ ಕೊಟ್ಟರೆ ನನ್ನ ಕ್ಲಾಸು ಆಚೆ ತುದಿಯಲ್ಲಿ, ಹತ್ತಿರದ ಎಂಟನೇ ಕ್ಲಾಸಿನಿಂದ ಹೋದ ವರ್ಷ ಕಲಿತಿದ್ದೇ ಮತ್ತೆ ಕೇಳುತ್ತಿತ್ತು. ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂಬತ್ತರಲ್ಲಿ ಫೇಲಾಗಿ ಕೂತುಹೋದವರನ್ನು ಎಸ್ಟೇಟಿನಲ್ಲಿ ಯಾರೂ ಇನ್ನೊಂದು ವರ್ಷ ಶಾಲೆಗೆ ಕಳಿಸುತ್ತಿರಲಿಲ್ಲ. ಹುಡುಗಿಯಾದರೆ ಸೊಂಟಕ್ಕೆ ಹಣ್ಣು ಕೊಯ್ಯುವ ಚೀಲ ಕಟ್ಟಿ ಅಮ್ಮನ ಹಿಂದೆ ಸಾಲಿಗೆ ನಿಲ್ಲಿಸುವುದು. ನನಗೆ ಹತ್ತನೇ ಕ್ಲಾಸು ಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ, ಅದೊಂದು ಬೇಕಿತ್ತು. ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು, ಆದರೆ ಓಡಿದರೆ ‘ನೋಡಿದ್ರಾ’ ಅಂತಾರೆ. ಕೂತರೆ ಪಾಠ ಹೋಗುತ್ತದೆ. ಅಪ್ಪ ಬಂದು ಜಗಳ ಆಡಿದರೆ ಮನೆ ಹೋಗುತ್ತದೆ. ಯಾವ ಕಡೆ ತಿರುಗಿದರೂ ಹಣೆಗೆ ಗೋಡೆಯೇ ಬಡಿಯುತ್ತಿತ್ತು.

ಅಪ್ಪ ಒಂದೇ ಒಂದು ಸಲ ಕೇಳಿದ್ದ, ‘ಹೋಗೋಣ ಅಂತ ಕರೆದಿದ್ದು ಯಾರು?’ ಅಂತ. ‘ಅವಳು’ ಅಂದೆ. ನಂಬಿದ. ಹಗ್ಗ ಸುತ್ತಿಡುತ್ತಾ, ‘ಅದನ್ನ ಮೇಸ್ತ್ರಿ ಹತ್ರ ಹೇಳಕ್ಕಾಗಲ್ಲ ಮಗಾ’ ಅಂದ. ನನ್ನ ಮೈಯೆಲ್ಲ ಉರಿಯಿತು. ಅಷ್ಟೆತ್ತರದ ಮರ ಹತ್ತುವವನಿಗೆ ಮೇಸ್ತ್ರಿಯ ಮುಂದೆ ಒಂದು ಮಾತು ಆಡುವುದಕ್ಕೆ ಏನಾಗಿದೆ ಅಂತ ಅವತ್ತು ಅವನ ಜತೆ ಊಟಕ್ಕೆ ಕೂರಲಿಲ್ಲ.

ಅಮ್ಮ ಹಾಗಲ್ಲ. ಒಂದು ಬೆಳಿಗ್ಗೆ ಕೊಯ್ಲು ಅರ್ಧಕ್ಕೇ ಬಿಟ್ಟು, ಸೊಂಟಕ್ಕೆ ಕಟ್ಟಿದ ಚೀಲವನ್ನೂ ಬಿಚ್ಚದೆ, ನಡೆದುಕೊಂಡೇ ಶಾಲೆಗೆ ಬಂದಳು. ಕೈಯೆಲ್ಲ ಹಣ್ಣಿನ ಅಂಟು. ನೇರ ಆಫೀಸಿನ ಬಾಗಿಲಿಗೆ ಹೋಗಿ, ‘ನಾನು ಇವಳ ಅಮ್ಮ. ನನ್ ಮಗಳು ಏನು ಮಾಡಿದ್ಳು ಅಂತ ನಂಗೆ ಹೇಳಿ’ ಅಂದಳು.

ಮೇಡಂ ಅವಳ ಹಿಂದೆ, ಗೇಟಿನ ಕಡೆ ನೋಡಿದರು. ‘ಮೇಸ್ತ್ರಿ ಬಂದಿಲ್ವಾ?’

‘ಮೇಸ್ತ್ರಿ ಹೆತ್ತಿಲ್ಲ ಇವಳನ್ನ.’

‘ನೋಡಮ್ಮಾ, ಎಲ್ಲಾ ಅವರ ಹತ್ರ ಮಾತಾಡಿದೀವಿ. ನೀನು ಹೋಗು’ ಅಂತ ಮೇಡಂ ಯಾವುದೋ ಕಾಗದದ ಮೇಲೆ ಬಗ್ಗಿದರು.

ಅಮ್ಮ ಹೋಗಲಿಲ್ಲ. ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು.  ನೀರು ಕುಡಿಯಲು ಬಂದ ಮಕ್ಕಳು ಈಗ ಇಬ್ಬರನ್ನೂ ನೋಡಿದರು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಸಿಟ್ಟೂ ಬಂತು, ಅವಳು ಎದ್ದುಹೋಗದಿದ್ದರೆ ಸಾಕಪ್ಪಾ ಅಂತಲೂ ಅನ್ನಿಸಿತು. ಮಧ್ಯಾಹ್ನ ಮೇಸ್ತ್ರಿ ಜೀಪಿನಲ್ಲಿ ಬಂದು ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋದ. ಆ ದಿನದ ಕೂಲಿ ಅವಳಿಗೆ ಸಿಗಲಿಲ್ಲ.

ಇಷ್ಟು ದಿನ ನನ್ನ ಗೆಳತಿ ನೀರು ಕುಡಿಯಲು ಬಂದಾಗ ಮೊದಮೊದಲು ನಗುತ್ತಿದ್ದಳು, ಆಮೇಲೆ ಕಾಲು ನೋಡಿಕೊಂಡು ಹೋಗುತ್ತಿದ್ದಳು. ಅಮ್ಮ ಬಂದುಹೋದ ಮಾರನೇ ದಿನ ಅವಳು ನೀರಿನ ಹತ್ತಿರ ನಿಲ್ಲದೆ ಸೀದಾ ಆಫೀಸಿಗೆ ಹೋದಳು. ಬಾಗಿಲು ತೆರೆದಿತ್ತು, ಒಂದೊಂದು ಮಾತೂ ನನಗೆ ಕೇಳಿಸಿತು.

‘ಮೇಡಂ, ಹೋಗೋಣ ಅಂದಿದ್ದು ನಾನು. ಟಿಕೆಟ್ ತಗೊಂಡಿದ್ದೂ ನಾನೇ. ಅವಳು ಬೇಡ ಅಂದ್ಲು.’ 

 ಮುಗಿಯಿತು, ಈಗ ಕರೆಯುತ್ತಾರೆ ಅಂತ ಯೂನಿಫಾರ್ಮನ್ನು ಎರಡೂ ಕೈಯಿಂದ ನೀವಿಕೊಂಡು ಎದ್ದು ನಿಂತೆ.

ಮೇಡಂ ಕುರ್ಚಿ ಸರಿಸಿ ಎದ್ದ ಸದ್ದು ಬಂತು. ‘ಎಂಥಾ ಒಳ್ಳೆ ಮನಸ್ಸು ನಿಂದು’ ಅಂದರು. ಅವರ ದನಿ ಮೆತ್ತಗಾಗಿತ್ತು. ‘ಗೆಳತೀನ ಉಳಿಸಕ್ಕೆ ನಿನ್ನ ತಲೆ ಮೇಲೆ ಹಾಕ್ಕೊಳ್ತಿದ್ದೀಯ. ಆದ್ರೆ ಸುಳ್ಳು ಹೇಳಬಾರದು ಪುಟ್ಟಾ.’

‘ಇಲ್ಲ ಮೇಡಂ, ನಿಜವಾಗ್ಲೂ.’

‘ಹೋಗು, ಕ್ಲಾಸಿಗೆ ಹೋಗು.’

ಮಾರನೇ ದಿನ ಪ್ರಾರ್ಥನೆಯಲ್ಲಿ ಮೇಡಂ ಅವಳನ್ನು ಮುಂದೆ ಕರೆದು ನಿಲ್ಲಿಸಿ, ಸ್ನೇಹ ಅಂದರೆ ಹೀಗಿರಬೇಕು ಅಂತ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನಾನು ಬೆಂಚಿನ ಮೇಲೆ ಕೂತು ಆ ಚಪ್ಪಾಳೆ ಕೇಳಿದೆ. ಅವಳು ನಿಜ ಹೇಳಿದಳು, ಆ ನಿಜವೂ ಅವಳ ಖಾತೆಗೇ ಹೋಯಿತು. ನನಗೆ ಅಳುವೂ ಬರಲಿಲ್ಲ. ನಿಜ ಹೇಳಿಯೂ ಆಗದಿದ್ದ ಮೇಲೆ ಇನ್ನೇನು ಹೇಳಿದರೆ ಆಗುತ್ತದೆ ಅಂತ ತಲೆಯೇ ಓಡಲಿಲ್ಲ.

ಏನು ಹೇಳಿದರೆ ಆಗುತ್ತದೆ ಅಂತ ಮೇಸ್ತ್ರಿಯೇ ಹೇಳಿದ. ಕಮಿಟಿ ಸೇರಿ ತೀರ್ಮಾನ ಆಗಿತ್ತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ನಿಂತು, ನಾನು ತಪ್ಪು ಮಾಡಿದೆ, ಇನ್ನೊಬ್ಬಳ ತಲೆಯನ್ನೂ ಕೆಡಿಸಿ ಕರೆದುಕೊಂಡು ಹೋದೆ, ಇನ್ನು ಮಾಡುವುದಿಲ್ಲ ಅಂತ ಹೇಳಬೇಕು. ಹೇಳಿದ ದಿನವೇ ಕ್ಲಾಸಿಗೆ ಬಿಡುತ್ತಾರೆ. ಲೈನ್ ಮನೆಯ ಬಾಗಿಲಲ್ಲಿ ನಿಂತು ಇಷ್ಟು ಹೇಳಿ, ‘ಒಂದು ಮಾತು ತಾನೇ, ಹೇಳಿಸ್ಬಿಡು ಮಾರಾಯ’ ಅಂತ ಅಪ್ಪನ ಬೆನ್ನು ತಟ್ಟಿ ಹೋದ.

‘ಹೇಳಕೂಡದು’ ಅಂದಳು ಅಮ್ಮ. ‘ಮಾಡದೆ ಇರೋದನ್ನ ಯಾಕೆ ಹೇಳ್ಬೇಕು? ಶಾಲೆ ಹಾಳಾಗಿ ಹೋಗ್ಲಿ.’

‘ಹಾಳಾಗಿ ಹೋಗೋದು ಶಾಲೆ ಅಲ್ಲ’ ಅಂದ ಅಪ್ಪ. ಅಷ್ಟೇ ಅಂದ. ಅವತ್ತು ಅವನು ನನ್ನ ಮುಖ ನೋಡಲಿಲ್ಲ.

ಯಾರೂ ಬಲವಂತ ಮಾಡಲಿಲ್ಲ ಅಂತ ನಾನು ಒಪ್ಪಬೇಕು. ತೀರ್ಮಾನ ನನ್ನದೇ. ಬೇರೆ ಬಾಗಿಲು ಒಂದೂ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಸೋಮವಾರದ ಪ್ರಾರ್ಥನೆ. ಧ್ವಜದ ಕಟ್ಟೆಯ ಪಕ್ಕ ನಿಂತೆ. ಎದುರಿಗೆ ಸಾಲು ಸಾಲು ತಲೆಗಳು, ಎಲ್ಲರ ಬಾಯಿಂದಲೂ ಚಳಿಗೆ ಹೊಗೆ ಬರುತ್ತಿತ್ತು. ನಾನು ಶುರು ಮಾಡಿದೆ. ಮೇಡಂ ನಡುವೆ ತಡೆದರು. ‘ಗಟ್ಟಿಯಾಗಿ ಹೇಳು. ಹಿಂದಿನ ಸಾಲಿಗೆ ಕೇಳಿಸ್ಬೇಕು.’ ಅಷ್ಟು ದಿನ ದನಿ ತಗ್ಗಿಸು ತಗ್ಗಿಸು ಅಂದವರು. ನಾನು ಗಟ್ಟಿಯಾಗಿಯೇ ಹೇಳಿದೆ. ಆಚೆ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿರಬೇಕು. ನನ್ನ ಗೆಳತಿ ಸಾಲಿನಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು, ಟೀಚರೊಬ್ಬರು ಹೋಗಿ ಅವಳ ಬೆನ್ನು ಸವರಿ ಸಮಾಧಾನ ಮಾಡಿದರು. ನನ್ನ ಬೆನ್ನು ಸವರಲು ಯಾರೂ ಬರಲಿಲ್ಲ.

ಕ್ಲಾಸಿಗೆ ಹೋದೆ. ಅವಳು ಮತ್ತೆ ನನ್ನ ಪಕ್ಕವೇ ಕೂತಳು, ಡಬ್ಬಿ ತೆಗೆದು ಮುಂದಿಟ್ಟಳು. ನಾನು ಚಪಾತಿ ತಿಂದೆ. ಬೇರೆಯವಳಾಗಿದ್ದರೆ ಜಗಳ ಆಡಿರುತ್ತಿದ್ದೆ, ಅವಳ ಜತೆ ಏನಂತ ಆಡುವುದು? ಹತ್ತನೇ ಕ್ಲಾಸು ಮುಗಿಯುವವರೆಗೂ ನಾವು ಆ ಮಾತು ಎತ್ತಲಿಲ್ಲ. ನಾನು ಪಾಸಾದೆ, ಆಮೇಲೆ ಪಿಯುಸಿ, ಆಮೇಲೆ ನರ್ಸಿಂಗ್. ಆ ಒಂದು ಮಾತಿನಿಂದಲೇ ಎಲ್ಲ ಆಯಿತು ಅಂತ ಅಪ್ಪ ಸಾಯುವವರೆಗೂ ನಂಬಿದ್ದ. ಅದು ಸುಳ್ಳಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು.

ಹೋದ ಬೇಸಿಗೆಯಲ್ಲಿ ಕಳಸದಲ್ಲಿ ಒಂದು ಮದುವೆಗೆ ಹೋಗಿದ್ದೆ, ಮಗಳೂ ಜತೆಗಿದ್ದಳು. ಅವಳೀಗ ಎಂಟನೇ ಕ್ಲಾಸು, ನನ್ನ ಹಾಗೆಯೇ ಉದ್ದ, ನನ್ನದೇ ಮುಖ. ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಬಂದು ಗಟ್ಟಿಯಾಗಿ ತಬ್ಬಿಕೊಂಡರು. ಅವಳು. ನನ್ನ ಹಳೇ ಗೆಳತಿ. ಹಣೆಯಲ್ಲಿ ಅದೇ ವಿಭೂತಿ, ಪಕ್ಕದಲ್ಲಿ ಸಣ್ಣ ಮಗಳು. ‘ಎಲ್ಲಿ ಹೋಗಿದ್ಯೇ ಮಾರಾಯ್ತಿ ಇಷ್ಟು ವರ್ಷ’ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ನನಗೂ ಬಂತು. ಅಂಗಡಿಯಿಂದ ಮಕ್ಕಳಿಗೆ ಐಸ್‌ಕ್ರೀಮು ತಂದಳು. ತನ್ನ ಮಗಳಿಗೆ ನನ್ನನ್ನು ತೋರಿಸಿ ನಗುತ್ತಾ ಹೇಳಿದಳು:

‘ನೋಡು, ಹೇಳ್ತಿದ್ನಲ್ಲ, ಅಮ್ಮನ್ನ ಸ್ಕೂಲ್ ತಪ್ಪಿಸಿ ಹೊರನಾಡಿಗೆ ಕರ್ಕೊಂಡು ಹೋಗಿದ್ ಆಂಟಿ, ಇವಳೇ.’

ನಾನು ಅವಳ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿಲ್ಲ. ಬೇಕಂತ ಹೇಳುತ್ತಲೂ ಇಲ್ಲ. ಅವಳಿಗೆ ನಿಜವಾಗಿಯೂ ಹಾಗೆಯೇ ನೆನಪಿದೆ. ಪ್ರೀತಿಯಿಂದಲೇ ನೆನಪಿಟ್ಟುಕೊಂಡಿದ್ದಾಳೆ, ಮಗಳಿಗೆ ಕತೆ ಮಾಡಿ ಹೇಳಿದ್ದಾಳೆ. ಅಂಗಡಿಯ ಸದ್ದು, ಜೀಪುಗಳ ಹಾರ್ನು ಎಲ್ಲ ದೂರವಾಗಿ ಮತ್ತೆ ಆ ಬೆಂಚಿನ ಮೇಲೆ ಕೂತ ಹಾಗಾಯಿತು ನನಗೆ.

‘ನಾನಲ್ಲ’ ಅಂದೆ. ‘ಕರೆದಿದ್ದು ನೀನು. ಟಿಕೆಟ್ ತಗೊಂಡಿದ್ದೂ ನೀನೇ. ನಾನು ಬೇಡ ಅಂದೆ. ಮೇಡಂ ಹತ್ರ ನೀನೇ ಹೋಗಿ ಹೇಳಿದ್ದೆ.’

ಅವಳ ನಗು ಒಂದು ಗಳಿಗೆ ನಿಂತಿತು. ಏನೋ ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಆಮೇಲೆ ನನ್ನ ತೋಳಿಗೆ ಮೆಲ್ಲಗೆ ಹೊಡೆದು ಮತ್ತೆ ನಕ್ಕಳು. ‘ಇನ್ನೂ ಹಂಗೇ ಇದೀಯ ನೋಡು, ಜೋರು’ ಅಂದಳು.

ಬಸ್ಸು ಬಂತು. ಅವಳು ಬಸ್ಸು ಹೊರಡುವವರೆಗೂ ಕೆಳಗೆ ನಿಂತು ಕೈ ಬೀಸಿದಳು, ನಾನೂ ಬೀಸಿದೆ. ಮಗಳು ಕಿಟಕಿಯ ಪಕ್ಕ ಕೂತು ಐಸ್‌ಕ್ರೀಮಿನ ಕಡ್ಡಿ ಕಚ್ಚುತ್ತಾ ನನ್ನನ್ನೇ ನೋಡುತ್ತಿದ್ದಳು. ಬಸ್ಸು ಊರು ದಾಟುವ ಹೊತ್ತಿಗೆ ಎಲ್ಲ ಹೇಳಿ ಮುಗಿಸಿದ್ದೆ, ಬೆಂಚು, ಚಪ್ಪಾಳೆ, ಧ್ವಜದ ಕಟ್ಟೆ, ಎಲ್ಲ.

‘ನೀನು ಮಾಡೇ ಇಲ್ಲ ಅಂದ್ಮೇಲೆ ಎಲ್ಲರ ಎದ್ರಿಗೆ ಯಾಕಮ್ಮಾ ಒಪ್ಕೊಂಡೆ?’ ಅಂದಳು. ಮೇಸ್ತ್ರಿಯ ಮುಂದೆ ಯಾಕೆ ಮಾತಾಡಲಿಲ್ಲ ಅಂತ ನಾನು ಅಪ್ಪನನ್ನು ಕೇಳಬೇಕು ಅಂತಿದ್ದ ದನಿಯಲ್ಲೇ ಕೇಳಿದಳು.

‘ಒಳಗೆ ಹೋಗ್ಬೇಕಿತ್ತು ಮಗಾ’ ಅಂದೆ.